ಪೂರಿಯಂತೆ ಉಬ್ಬಿದ ಬ್ಯಾಟರಿ

ಬೆಳಿಗ್ಗೆ ಅಮ್ಮನ ಫೋನ್ ನೋಡಿದರೆ ಹಿಂದಿನ ಮುಚ್ಚಳ ಒಂದು ಕಡೆ ಎದ್ದು ನಿಂತಿದೆ. ಒಳಗೆ ಬ್ಯಾಟರಿ ಪೂರಿ ತರಹ ಉಬ್ಬಿದೆ.

ಮುಂಬೈ ಪಕ್ಕದ ಡೊಂಬಿವಲಿಯ ಅಂಗಡಿಯವನು ಕೈಯಲ್ಲಿ ಹಿಡಿದೂ ನೋಡಲಿಲ್ಲ. ಹೊಸದು ತಗೊಳ್ಳಿ ಅಂದ.

"ಆರೇ ವರ್ಷಕ್ಕಾ? ನನ್ನ ಮಿಕ್ಸಿಗೆ ಇಪ್ಪತ್ತೆರಡು!" ಅಂದರು ಅಮ್ಮ.

ಸರಿ, ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ಗೆ ಹೋದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಮೆಟ್ಟಿಲ ಕೆಳಗೊಂದು ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹುಡುಗ ಅಂಟಿನ ಮೇಲೆ ಎರಡು ಹನಿ ಸ್ಪಿರಿಟ್ ಬಿಟ್ಟ. ತೆಳ್ಳನೆಯ ಪ್ಲಾಸ್ಟಿಕ್ ತುಂಡನ್ನು ಸಂದಿಗೆ ತೂರಿಸಿ, ದೋಸೆ ಎಬ್ಬಿಸಿದ ಹಾಗೆ ಸುತ್ತಲೂ ಮೆಲ್ಲಗೆ ಎಬ್ಬಿಸಿದ. ಅವಸರವೇ ಇಲ್ಲ. ಉಬ್ಬಿದ ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು, ಅಲ್ವಾ. ನಾನು ಸುಮ್ನೆ ಉಸಿರು ಬಿಗಿಹಿಡಿದು ನಿಂತಿದ್ದೆ. ಹಳೇದು ಮರಳು ತುಂಬಿದ ಡಬ್ಬಕ್ಕೆ ಹೋಯಿತು.

ಅರ್ಧ ಗಂಟೆ. 900 ರೂಪಾಯಿ.

2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ಕಸ, ಅಂದರೆ ಎಲೆಕ್ಟ್ರಾನಿಕ್ ಕಸ, ಮಾಡಿತ್ತು ಅನ್ನುತ್ತದೆ ವಿಶ್ವಸಂಸ್ಥೆಯ ಲೆಕ್ಕ. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಅದರ ಕಾಲು ಭಾಗಕ್ಕಿಂತಲೂ ಕಡಿಮೆಗೆ. ಉಳಿದದ್ದೆಲ್ಲ ಎಲ್ಲಿ ಹೋಯಿತೋ. ಒಂದಿಷ್ಟಂತೂ ನಮ್ಮ ಕಪಾಟಿನ ಬಿಸ್ಕತ್ತು ಡಬ್ಬದಲ್ಲೇ ಇದೆ. ಏಳು ಚಾರ್ಜರ್, ಅಣ್ಣನ ಎರಡು ಬಟನ್ ಫೋನ್, ಯಾವ ಟಿವಿಯದ್ದೋ ಗೊತ್ತಿಲ್ಲದ ರಿಮೋಟ್. ಈ ಭಾನುವಾರ ಇ-ಕಸ ತೆಗೆದುಕೊಳ್ಳುವವರಿಗೆ ಕೊಡಬೇಕು. ಹೋದ ವರ್ಷವೂ ಹೀಗೇ ಅಂದುಕೊಂಡಿದ್ದೆ ಅನ್ನಿ.

ಈಗ ಅಮ್ಮ ಮಾಟುಂಗಾದ ಚಿಕ್ಕಮ್ಮನಿಗೆ ಹೇಳುತ್ತಿದ್ದಾರೆ, "ಫೋನ್ ಹಳೇದೇ ಕಣೇ, ಹೊಟ್ಟೆ ಮಾತ್ರ ಹೊಸದು."