ಸೀಮಂತದ ಹಸಿರು ಬಳೆ

12 ನವೆಂಬರ್ 2024, ಮಂಗಳವಾರ

ಗ್ರೀನ್ ಮ್ಯಾಟ್, ಅಂದರೆ ಆಮೇಲೆ ಅಳಿಸಿ ಬೇರೆ ಹಿನ್ನೆಲೆ ಕೂರಿಸುವ ಹಸಿರು ಗೋಡೆ, ಅದರ ಮುಂದೆ ಸೀಮಂತದ ಶಾಟ್ ತೆಗೆದು ಕಳಿಸಿದ್ದಾರೆ. ಬಸುರಿಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಆರಿಸಿದ ಬಣ್ಣವನ್ನು ಅಳಿಸುವ, ಅಂದರೆ ಕೀ ಮಾಡುವ ಸಾಫ್ಟ್‌ವೇರ್ ಕೀಲೈಟ್‌ನಲ್ಲಿ ಗೋಡೆಯ ಬಣ್ಣ ಆರಿಸಿದ್ದೇ ತಡ, ಬಳೆಗಳೂ ಮಾಯ. ಮುಂಗೈ ಇರಬೇಕಾದ ಕಡೆ ಹಿನ್ನೆಲೆಯ ಕಂಬ ಕಾಣುತ್ತದೆ.

ಪ್ರೊಡಕ್ಷನ್‌ನವರಿಗೆ ಫೋನ್ ಮಾಡಿದೆ.

"ಬ್ಲೂ ಮ್ಯಾಟ್ ಹಾಕಬಹುದಿತ್ತಲ್ವಾ?"

"ಸ್ಟುಡಿಯೊ ಫ್ಲೋರ್ ಗೋಡೆಗೆ ಮೊದಲೇ ಹಸಿರು ಹೊಡೆದಿದ್ರು ಸರ್."

"ಬಳೆನಾದ್ರೂ ಕೆಂಪು ತೊಡಿಸಬಹುದಿತ್ತು."

"ಸೀಮಂತಕ್ಕೆ ಕೆಂಪು ಬಳೆನಾ? ಡೈರೆಕ್ಟರ್ ಅವರ ಅಮ್ಮನೇ ಸೆಟ್‌ನಲ್ಲಿದ್ರು ಸರ್!"

ಅಮ್ಮನೇ ಇದ್ದ ಮೇಲೆ ಮುಗಿಯಿತು. ಅವರು ಹೇಳಿದ್ದೂ ಸರಿಯೇ.

1960ರ ದಶಕದಲ್ಲಿ ಡಿಸ್ನಿಯವರಿಗೆ ಈ ಗೋಳು ಇರಲಿಲ್ಲ. ಪರದೆಗೆ ಸೋಡಿಯಂ ದೀಪದ ಹಳದಿ ಬೆಳಕು ಬಿಡುತ್ತಿದ್ದರು. ಕ್ಯಾಮೆರಾದೊಳಗಿನ ಪ್ರಿಸಂ ಆ ಹಳದಿಯನ್ನಷ್ಟೇ ಬೇರ್ಪಡಿಸಿ, ಹಿನ್ನೆಲೆ ಗುರುತಿಸಲು ಎರಡನೇ ಫಿಲ್ಮ್‌ಗೆ ಕಳಿಸುತ್ತಿತ್ತು. ಯಾವ ಬಣ್ಣದ ಬಟ್ಟೆ ತೊಟ್ಟರೂ ನಡೆಯುತ್ತಿತ್ತು. ಇರಲಿ.

ಬಳೆಗೆ ರೋಟೊ ಇದೆ, ಅಂದರೆ ಒಂದೊಂದು ಫ್ರೇಮ್‌ನಲ್ಲೂ ಕೈಯಿಂದ ಗೆರೆ ಎಳೆದು ಬೇರ್ಪಡಿಸುವುದು. ಬೇಜಾರಿನ ಕೆಲಸ, ಆದರೆ ಆಗುವ ಕೆಲಸ. ನಿಜವಾದ ತಲೆನೋವು ಹಣೆಯ ಮೇಲಿನ ಬಿಡಿ ಕೂದಲು. ಬಂದಿರುವ ಫೈಲ್ 4:2:0. ಅಂದರೆ ಬಣ್ಣದ ವಿವರ ಅಗಲದಲ್ಲೂ ಅರ್ಧ, ಎತ್ತರದಲ್ಲೂ ಅರ್ಧ. ಆಲ್ಫಾ (ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಅನ್ನುವ ಕಪ್ಪು-ಬಿಳುಪು ಚಿತ್ರ) ಗಟ್ಟಿಯಾಗಲಿ ಅಂತ ಒತ್ತಿದರೆ ಕೂದಲೆಲ್ಲ ಕತ್ತರಿ ಹಾಕಿದ ಹಾಗೆ ಹೋಗುತ್ತದೆ.

"ಒಂದೇ ಕೀನಲ್ಲಿ ಎಲ್ಲಾ ಬರೋ ಹಾಗೆ ಮಾಡೋಕಾಗಲ್ವಾ ಸರ್?" ಅಂದ ಪಕ್ಕದ ಸೀಟಿನ ಹುಡುಗ.

ಆಗಲ್ಲಪ್ಪ. ಮೈಗೆ ಒಂದು ಗಟ್ಟಿ ಕೀ, ಅಂಚಿಗೆ ಮೆತ್ತಗಿನ ಇನ್ನೊಂದು. ಕೂದಲಿಗೆ ಕೀಯನ್ನೇ ನಂಬಬಾರದು. ಖಾಲಿ ಗೋಡೆಗಿಂತ ಕೂದಲಿರುವ ಕಡೆ ಬೆಳಕು ಎಷ್ಟು ಕಮ್ಮಿಯಾಗಿದೆ ಅಂತ ಲೆಕ್ಕ ತೆಗೆದು, ಹಿನ್ನೆಲೆಯನ್ನೂ ಅಷ್ಟೇ ಪ್ರಮಾಣದಲ್ಲಿ ಕಪ್ಪಾಗಿಸಬೇಕು. 4:2:0 ಫೈಲ್‌ನಲ್ಲಿ ಹಾಳಾಗುವುದು ಬಣ್ಣ, ಬೆಳಕಿನ ವಿವರ ಪೂರ್ತಿ ಉಳಿದಿರುತ್ತದೆ. ಹಾಕಿ ತೋರಿಸಿದೆ. ಒಂದೊಂದೇ ಎಳೆ ವಾಪಸ್ ಬಂತು. ಹುಡುಗ ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಊಟ ಮರೆತಿದ್ದೆ. ಅನ್ನ ತಣ್ಣಗಾಗಿತ್ತು.

ಈಗ ಸ್ಪಿಲ್, ಅಂದರೆ ಗೋಡೆಯಿಂದ ಮೈಮೇಲೆ ಚೆಲ್ಲಿದ ಹಸಿರು ಬೆಳಕು. ಹಸಿರು ಚಾನೆಲ್ (ಚಿತ್ರದಲ್ಲಿರುವ ಹಸಿರಿನ ಅಂಶ) ಕೆಂಪು ಮತ್ತು ನೀಲಿಯ ಸರಾಸರಿ ದಾಟದ ಹಾಗೆ ಕಟ್ಟಿದರೆ ಕತ್ತಿನ ಕೆಳಗಿನ ಹಸಿರು ಛಾಯೆ ಹೋಗುತ್ತದೆ. ಜೊತೆಗೆ ಬಳೆಯೂ ಬೂದಿ ಬಣ್ಣವಾಗುತ್ತದೆ. ರೋಟೊ ಇಟ್ಟು ಬಳೆಯನ್ನು ಉಳಿಸಿಕೊಂಡೆ. ಆದರೂ ಕೈ ಸುಳ್ಳು ಸುಳ್ಳಾಗಿ ಕಾಣುತ್ತಿದೆ. ಸಂಜೆಯೆಲ್ಲ ನೋಡಿದ ಮೇಲೆ ಹೊಳೆಯಿತು. ಗಾಜಿನ ಬಳೆ ತಾನೇ ಚರ್ಮದ ಮೇಲೆ ಒಂಚೂರು ಹಸಿರು ಚೆಲ್ಲುತ್ತದಲ್ವಾ? ನಾನು ಅದನ್ನೂ ತೊಳೆದುಬಿಟ್ಟಿದ್ದೇನೆ. ಮುಂಗೈ ಮೇಲಿನ ಹಸಿರಲ್ಲಿ ಗೋಡೆಯದೆಷ್ಟು, ಬಳೆಯದೆಷ್ಟು? ನಾಳೆ ತಂಗಿಗೆ ಹೇಳಿ ಬಳೆ ತೊಡಿಸಿ ಕಿಟಕಿ ಬೆಳಕಲ್ಲಿ ಒಂದು ಫೋಟೊ ತೆಗೆಯಬೇಕು. ಅವಳ ಹತ್ತಿರ ಗಾಜಿನದೇ ಇದೆಯೋ ಇಲ್ಲವೋ, ಸುಮ್ನೆ ಕೇಳಿದರೆ ಮನೆಯಲ್ಲಿ ಎಲ್ಲರೂ ಬೇರೆ ಏನೋ ಅಂದುಕೊಂಡು...