300 ಜಿಬಿ ಖಾಲಿ, ಆದರೂ ಜಾಗ ಇಲ್ಲ

"300 ಜಿಬಿ ಖಾಲಿ ಇದೆ ಅಂತ ಇದೇ ತೋರಿಸುತ್ತೆ, ಜಾಗ ಇಲ್ಲ ಅಂತಲೂ ಇದೇ ಹೇಳುತ್ತೆ. ಯಾವುದನ್ನ ನಂಬಲಿ ಮಾರಾಯ?"

ಭಾನುವಾರ ಸಾಗರದ ಚಿಕ್ಕಮ್ಮ ಕೇಳಿದ ಈ ಪ್ರಶ್ನೆ ವಾರವಿಡೀ ಕಿವಿಯಲ್ಲೇ ಇದೆ. ಅವರ ಲ್ಯಾಪ್‌ಟಾಪಿನ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಅಪ್‌ಡೇಟ್ ಜಾಗ ಇಲ್ಲ ಅಂತ ಅರ್ಧಕ್ಕೇ ನಿಂತಿತ್ತು. ರಿಪೇರಿ ಅಂಗಡಿಯ ಹುಡುಗ ನೋಡಿದವನೇ, "ಫಾರ್ಮ್ಯಾಟ್ ಮಾಡಿಬಿಡೋಣ ಅಮ್ಮ, ಒಂದು ಗಂಟೆ ಕೆಲಸ" ಅಂದನಂತೆ. ಅದರೊಳಗೆ ಚಿಕ್ಕಮ್ಮ ಊರೂರು ಸುತ್ತಿ ರೆಕಾರ್ಡ್ ಮಾಡಿದ ಸೋಬಾನೆ ಪದ, ಬೀಸುವ ಪದಗಳಿವೆ. ಹಾಡಿದ ಅಜ್ಜಿಯರಲ್ಲಿ ಕೆಲವರು ಈಗಿಲ್ಲ. ಒಳಗೆ ಏನಿದೆ ಅಂತ ಅವನು ಕೇಳಲೂ ಇಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗೆದು, ಡಿಸ್ಕಿನ ಒಂದೊಂದು ಪಾರ್ಟಿಷನ್ನಿನಲ್ಲಿ, ಅಂದರೆ ಭಾಗದಲ್ಲಿ, ಎಷ್ಟು ಜಾಗ ಇದೆ ಅಂತ ತೋರಿಸುವ 'ಡಿಎಫ್ -ಎಚ್' ಕೊಟ್ಟೆ. ಲ್ಯಾಪ್‌ಟಾಪ್ ಹೇಳಿದ್ದು ಎರಡೂ ನಿಜ. ದೊಡ್ಡ ಪಾರ್ಟಿಷನ್ ಮುಕ್ಕಾಲು ಖಾಲಿ. ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲುಗಳಿರುವ /ಬೂಟ್ ಮಾತ್ರ 100% ಭರ್ತಿ. ಚಿಕ್ಕಮ್ಮನ ಮಗ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡಿಸಿ, ಕೊಟ್ಟು ಹೋಗಿದ್ದ. ಹಾಗೆ ಮಾಡಿದರೆ ಇನ್‌ಸ್ಟಾಲರ್ ಬೂಟ್‌ಗೆ ಬೇರೆಯೇ ಪಾರ್ಟಿಷನ್ ಇಡುತ್ತದೆ. ಪಾಸ್‌ವರ್ಡ್ ಕೇಳಬೇಕಾದರೂ ಮೊದಲು ಉಬುಂಟುವಿನ ತಿರುಳಾದ ಕರ್ನಲ್ ಏಳಬೇಕಲ್ವಾ? ಇವರ ಬೂಟ್ ಪಾರ್ಟಿಷನ್ 700 ಎಂಬಿ ಚಿಲ್ಲರೆ. ಒಂದೊಂದು ಕರ್ನಲ್ ಜೊತೆ, ಅದು ಏಳಲು ನೆರವಾಗುವುದಕ್ಕೆ ಬರುವ ಇನಿಟ್‌ಆರ್‌ಡಿ ಫೈಲೇ 100 ಎಂಬಿಗಿಂತ ಜಾಸ್ತಿ. ಅಪ್‌ಡೇಟ್ ಹೊಸ ಕರ್ನಲ್ ಬರೆಯುವಾಗ ಹಳೆಯದು ಹಾಗೇ ಇರುತ್ತದೆ. ಹೊಸ ಕರ್ನಲ್ ಕೈಕೊಟ್ಟರೆ ಹಳೆಯದರಲ್ಲಿ ಏಳಬಹುದು. ಒಳ್ಳೆಯ ಏರ್ಪಾಡೇ, ಆದರೆ ಅದಕ್ಕೆ ಜಾಗ ಬೇಕು.

ಬೇಡವಾದ ಹಳೆಯದನ್ನು ತೆಗೆಯುವ 'ಆಪ್ಟ್ ಆಟೋರಿಮೂವ್' ಕೊಟ್ಟರೆ ಅದೂ ಓಡಲಿಲ್ಲ. ಅರ್ಧ ಆದ ಕೆಲಸ ಮುಗಿಸಲು ಹೋಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ನೋಡಿಕೊಂಡೆ. ಅದನ್ನು ಮುಟ್ಟದೆ, ಬೂಟ್‌ನಲ್ಲಿ ಜಾಗ ಆಗಲಿ ಅಂತ ಎಲ್ಲಕ್ಕಿಂತ ಹಳೆಯ ಇನಿಟ್‌ಆರ್‌ಡಿ ಫೈಲೊಂದನ್ನು ದೊಡ್ಡ ಪಾರ್ಟಿಷನ್ನಿನಲ್ಲಿರುವ ಹೋಮ್ ಫೋಲ್ಡರಿಗೆ ಸರಿಸಿದೆ. ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವ 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟಾಗ ನಿಂತ ಅಪ್‌ಡೇಟ್ ಮುಗಿಯಿತು. ಆಮೇಲೆ ಆಟೋರಿಮೂವ್ ಹಳೆಯ ಕರ್ನಲ್‌ಗಳನ್ನು ತಾನೇ ತೆಗೆಯಿತು. ಚಿಕ್ಕಮ್ಮ ಪಕ್ಕದಲ್ಲೇ ಕೂತು ಒಂದೊಂದು ಸಾಲನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಯಾವುದನ್ನ ನಂಬಲಿ ಅಂತ ಆ ಹುಡುಗನನ್ನೂ ಅವರು ಕೇಳಿದ್ದರಂತೆ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಕಂಪ್ಯೂಟರಿಗೆ ಏನಾದರೂ ಫಾರ್ಮ್ಯಾಟ್ ಅನ್ನುವುದು ನಮ್ಮ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಜನರೂ ಒಪ್ಪುತ್ತಾರೆ. ಮದುವೆ ಫೋಟೊ, ಮಕ್ಕಳ ಪ್ರಾಜೆಕ್ಟ್, ಜಮೀನಿನ ಕಾಗದದ ಸ್ಕ್ಯಾನ್ ಹೀಗೆ ಎಷ್ಟು ಹೋಗಿರಬೇಕು! ಅವರೆಲ್ಲ ಚಿಕ್ಕಮ್ಮನ ಹಾಗೆ ಪಟ್ಟು ಹಿಡಿದು ಕೇಳಿದ್ದರೆ ಅರ್ಧವಾದರೂ ಉಳಿಯುತ್ತಿತ್ತು ಅಂತ ನನಗನ್ನಿಸುತ್ತದೆ. ಎಪ್ಪತ್ತರ ಹತ್ತಿರದ ಹೆಂಗಸು, ಕಂಪ್ಯೂಟರ್ ಕಲಿತದ್ದೇ ರಿಟೈರ್ ಆದ ಮೇಲೆ. ಆದರೂ ಗೊತ್ತಿಲ್ಲ ಅಂತ ಸುಮ್ನೆ ತಲೆಯಾಡಿಸಲಿಲ್ಲ.

ಚಿಕ್ಕಮ್ಮನ ಮಗನಿಗೆ ಅವತ್ತೇ ಫೋನ್ ಮಾಡಿದೆ. ಡಿಸೆಂಬರಿನಲ್ಲಿ ಬಂದಾಗ ಹಾಡುಗಳನ್ನೆಲ್ಲ ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಒಂದೊಂದನ್ನೂ ಹಾಕಿ ಕೇಳಿ ನೋಡಿದ ಮೇಲೆ, ಬೂಟ್‌ಗೆ 2 ಜಿಬಿ ಇಟ್ಟು ಉಬುಂಟುವನ್ನು ಹೊಸದಾಗಿ ಹಾಕಿಕೊಡುತ್ತೇನೆ ಅಂದಿದ್ದಾನೆ. ಒಂದು ಹಾರ್ಡ್‌ಡಿಸ್ಕ್ ನಾನೇ ಕೊಡಿಸುತ್ತಿದ್ದೇನೆ.