ಬೇಸ್ ಗಿಟಾರ್ ಕೊಳ್ಳುವ ಮುಂಚೆ ಒಂದು ಗಣಪತಿ ಪೆಂಡಾಲ್ ನೋಡಿ

ಹೊಸದಾಗಿ ಆರ್ಕೆಸ್ಟ್ರಾಕ್ಕೆ ಬರುವ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ. "ಸರ್, ಯಾವ ಬೇಸ್ ತಗೊಳ್ಳಲಿ?" ಫೋನ್ ತೆಗೆದು ಮೂರ್ನಾಲ್ಕು ಫೋಟೋ ತೋರಿಸುತ್ತಾರೆ. ಎಲ್ಲವೂ ನೋಡೋಕೆ ಚೆನ್ನಾಗಿಯೇ ಇರುತ್ತವೆ. ಎಲ್ಲಿ ನುಡಿಸ್ತೀಯಪ್ಪಾ ಎಂದು ನಾನು ತಿರುಗಿ ಕೇಳುತ್ತೇನೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವವನಿಗೆ ಯಾವುದಾದರೂ ನಡೆಯುತ್ತದೆ. ಇದೇ ಹೊಟ್ಟೆಪಾಡು ಎಂದಾದರೆ, ವರ್ಷದ ಅತಿ ಕೆಟ್ಟ ಸ್ಟೇಜ್ ಯಾವುದೋ ಅದನ್ನು ಕಣ್ಮುಂದೆ ಇಟ್ಟುಕೊಂಡು ಕೊಳ್ಳಬೇಕು.

ನಮಗೆ ಅದು ಗಣಪತಿ ಪೆಂಡಾಲ್. ಭಾದ್ರಪದದ ಮಳೆ, ಒದ್ದೆ ಹಲಗೆ, ಕಾಲಿಗೆ ಸಿಗುವ ಜಾಯಿಂಟ್ ಹಾಕಿದ ವೈರ್. ಮಿಕ್ಸರ್‌ಗೆ ಜನರೇಟರ್ ಕರೆಂಟ್, ನಮ್ಮ ಆಂಪ್‌ಗೆ (ಆಂಪ್ಲಿಫೈಯರ್) ಪಕ್ಕದ ಮನೆಯಿಂದ ಎಳೆದದ್ದು. ಅರ್ತಿಂಗ್ ಇದೆಯೋ ಇಲ್ಲವೋ ಆ ಗಣಪನಿಗೇ ಗೊತ್ತು. ಕೈ ಗಿಟಾರಿನ ತಂತಿಯ ಮೇಲಿರುತ್ತದೆ, ಕೋರಸ್ ಹಾಡಲು ತುಟಿ ಮೈಕಿಗೆ ತಾಗುತ್ತದೆ. ಎರಡರ ನಡುವೆ ವೋಲ್ಟೇಜ್ ಇದ್ದರೆ ಅದು ಹರಿಯೋದು ನಮ್ಮ ಮೈಯಲ್ಲೇ.

ಅದಕ್ಕೇ ನನ್ನ ಬ್ಯಾಗಿನಲ್ಲಿ ಟ್ಯೂನರ್ ಪಕ್ಕದಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇರುತ್ತದೆ. ಏಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡುತ್ತೇನೆ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಗಿಟಾರ್ ಕೆಳಗಿಡುತ್ತೇನೆ. ಸೌಂಡ್‌ನವರು "ಏನೂ ಆಗಲ್ಲ ಅಣ್ಣ, ನಿನ್ನೆಯೆಲ್ಲ ಹಾಡಿದ್ರು" ಅಂತಾರೆ. ಹಾಡಿರಲಿ. ಎರಡನ್ನೂ ಒಂದೇ ಲೈನಿಗೆ ತಂದು, ಅರ್ತ್ ಸರಿ ಮಾಡಿದ ಮೇಲೆಯೇ ನಾನು ಗಿಟಾರ್ ಮುಟ್ಟುವುದು.

ಕರೆಂಟಿನ ಇನ್ನೊಂದು ಕಾಟ ಹಮ್, ಅಂದರೆ ಸ್ಪೀಕರಿನಲ್ಲಿ ಬಿಡದೆ ಬರುವ ಗುಂಯ್ ಸದ್ದು. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ನಾಲ್ಕು ತಂತಿಯ ಬೇಸಿನ ಅತಿ ದಪ್ಪನೆಯ ಇ (E) ತಂತಿಯಲ್ಲಿ ಮೂರನೇ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಜಿ (G) ಸ್ವರ 49 ಹರ್ಟ್ಸ್. ಅಂದರೆ ನೀವು ಯಾವ ಹಾಡು ನುಡಿಸಿದರೂ ಹಿಂದಿನಿಂದ ಇನ್ನೊಬ್ಬ ಬೇಸ್‌ನವನು ಸ್ವಲ್ಪ ಶ್ರುತಿ ತಪ್ಪಿದ ಜಿ ಹಿಡಿದುಕೊಂಡೇ ಇರುತ್ತಾನೆ! ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುವವರನ್ನು ನೋಡಿದ್ದೇನೆ. ಸದ್ದು ಹೋಗುತ್ತದೆ, ಜೊತೆಗೆ ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಮಾಡಬೇಕಾದದ್ದು ಒಳ್ಳೆಯ ಡಿಐ ಬಾಕ್ಸ್ ಇಟ್ಟುಕೊಳ್ಳುವುದು, ಅಂದರೆ ಗಿಟಾರಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡಿ ಕಳಿಸುವ ಪುಟ್ಟ ಡಬ್ಬಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐಗೆ ಸೆಲ್ ಬೇಡ, ಕರೆಂಟ್ ಬೇಡ. ಮಿಕ್ಸರ್‌ಗೆ ಹೋಗುವ ಕೇಬಲ್ಲಿನ ಗ್ರೌಂಡ್ ಮಾತ್ರ ಕಡಿಯುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಸಾಮಾನ್ಯವಾಗಿ ಹಮ್ ಹೋಗುತ್ತದೆ, ಅರ್ತ್ ಪಿನ್ ಅದರ ಪಾಡಿಗೆ ಇರುತ್ತದೆ. ಎಷ್ಟೋ ಸ್ಟೇಜಿನಲ್ಲಿ ಬೇಸ್‌ಗೆ ಆಂಪೇ ಇರುವುದಿಲ್ಲ, ನೇರ ಮಿಕ್ಸರ್‌ಗೆ ಹೋಗಬೇಕು. ಆಗಲೂ ಇದೇ ಬೇಕು. ಗಿಟಾರ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಮೊದಲು ಇದನ್ನು ತಗೊಳ್ಳಿ. ಎರಡು ಗಟ್ಟಿ ಕೇಬಲ್, ಅಗಲದ ಸ್ಟ್ರಾಪ್ ಕೂಡ. ನಾಲ್ಕು ಕೆಜಿಗೂ ಜಾಸ್ತಿ ಭಾರವನ್ನು ಸಂಜೆಯಿಡೀ ಒಂದೇ ಭುಜ ಹೊರಬೇಕು ಅಲ್ವಾ.

ಗಿಟಾರ್ ವಿಷಯಕ್ಕೆ ಬರೋಣ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ತಂತಿಯ ಕಂಪನ ಹಿಡಿಯುವ ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಇವತ್ತಿಗೂ ಆ ನಮೂನೆಯ, ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸೇ ಪೆಂಡಾಲಿಗೆ ವಾಸಿ. ಆಕ್ಟಿವ್ ಬೇಸ್ ಕೆಟ್ಟದ್ದೇನಲ್ಲ, ಸ್ಟುಡಿಯೋದಲ್ಲಿ ಬಹಳ ಅನುಕೂಲ. ಆದರೆ ಅದರ ಹೊಟ್ಟೆಯಲ್ಲಿ 9 ವೋಲ್ಟ್ ಬ್ಯಾಟರಿ ಇರುತ್ತದೆ. ಜಾಕ್ ಚುಚ್ಚಿಟ್ಟಷ್ಟು ಹೊತ್ತೂ ಅದು ಸುಮ್ನೆ ಖರ್ಚಾಗುತ್ತಿರುತ್ತದೆ. ಸನ್ಮಾನ ಸಮಾರಂಭ ಎರಡು ಗಂಟೆ ಎಳೆದರೆ ಆ ಎರಡು ಗಂಟೆಯೂ ಲೆಕ್ಕಕ್ಕೆ ಬಂತು. ಹಾಡಿನ ಮಧ್ಯೆ ನಾದ ಒಡೆಯಲು ಶುರುವಾದರೆ ಬದಲಾಯಿಸಲು ಸ್ಕ್ರೂಡ್ರೈವರ್ ಎಲ್ಲಿ ಹುಡುಕುತ್ತೀರಿ?

ಐದು ತಂತಿ ಬೇಕಾ ಎಂದರೆ, ಆರ್ಕೆಸ್ಟ್ರಾಕ್ಕೆ ಬೇಕು. ಕಾರಣ ಫ್ಯಾಷನ್ ಅಲ್ಲ, ಗಾಯಕರ ಗಂಟಲು. ಸ್ಟೇಜ್ ಮೇಲೆ ನಿಂತ ಮೇಲೆ "ಇವತ್ತು ಸ್ವಲ್ಪ ಶೀತ, ಒಂದು ಸ್ಕೇಲ್ ಇಳಿಸಿ" ಅಂತಾರೆ. ಕೀಬೋರ್ಡ್‌ನವನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ನಗುತ್ತಾನೆ. ನಮಗೆ ಆ ಬಟನ್ ಇಲ್ಲ, ಕೈಯೇ ಜರುಗಬೇಕು. ಇ ಸ್ಕೇಲಿನ ಹಾಡು ಡಿಗೆ ಇಳಿಯಿತು ಅಂದುಕೊಳ್ಳಿ. ನಾಲ್ಕು ತಂತಿಯ ಬೇಸಿನಲ್ಲಿ ಇ ಕೆಳಗೆ ಏನೂ ಇಲ್ಲ. ಹಾಡಿನ ಬುಡವಾಗಿದ್ದ ಸ್ವರವನ್ನೇ ಒಂದು ಆಕ್ಟೇವ್ (ಸ್ಥಾಯಿ) ಮೇಲೆ ನುಡಿಸಬೇಕಾಗುತ್ತದೆ, ಹಾಡು ತೆಳ್ಳಗಾಗುತ್ತದೆ. ಐದನೇ ಬಿ ತಂತಿ ಇದ್ದರೆ ಮೂರನೇ ಫ್ರೆಟ್ಟಿನಲ್ಲಿ ಆ ಡಿ ಸಿಗುತ್ತದೆ. ಇಳಯರಾಜ ಅವರ ಎಂಬತ್ತರ ದಶಕದ ಹಾಡುಗಳಿಗೆ ಹೀಗೆ ಸ್ಕೇಲ್ ಇಳಿಸಿದಾಗ ನಿಜವಾದ ಪರೀಕ್ಷೆ. ಅಲ್ಲಿ ಬೇಸ್ ಎಂದರೆ ತಾಳಕ್ಕೆ ತಲೆಯಾಡಿಸುವುದಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ. ಖಾಲಿ ತಂತಿ (ಫ್ರೆಟ್ ಒತ್ತದೆ ಮೀಟುವುದು) ನಂಬಿಕೊಂಡು ಕಲಿತವರು ಅಲ್ಲೇ ಸಿಕ್ಕಿಬೀಳುತ್ತಾರೆ.

ತಂತಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತಂತಿ ಮುರಿಯದ ಹೊರತು ಬದಲಾಯಿಸುತ್ತಿರಲಿಲ್ಲ. ಮೇಲ್ಮೈ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ, ಬಲಗೈಯ ಒಂದೇ ಬೆರಳು. ಆ ಬೆರಳಿನಲ್ಲಿ ಬಂದದ್ದನ್ನು ಜಗತ್ತು ಇನ್ನೂ ಕಲಿಯುತ್ತಿದೆ. ನಮ್ಮಲ್ಲಿ ಮಂಗಳೂರು ಕಡೆಯ ಬೆವರು, ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಿಂದ ಒರೆಸಿ ಬ್ಯಾಗಿಗೆ ಹಾಕಿ, ಅಷ್ಟು ಸಾಕು.

ಇನ್ನು ನಾದ. ಮನೆಯಲ್ಲಿ ಎದೆ ನಡುಗಿಸುವ ಸೆಟ್ಟಿಂಗ್ ಕಲ್ಯಾಣ ಮಂಟಪದಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಂಕ್ರೀಟ್ ಗೋಡೆ, ಗ್ರಾನೈಟ್ ನೆಲ. ಕೆಳಗಿನ ಸ್ವರವೆಲ್ಲ ಗುಂಯ್ ಎಂದು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಬೇಸ್ ನಾಬ್ ಇಳಿಸಿ, ಮಿಡ್ ಏರಿಸಿ. ಖಾಲಿ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಬಾಡಿಗೆಗೆ ಬರುವ ಎಷ್ಟೋ ಬಾಕ್ಸ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳು ಸ್ಪಷ್ಟವಾಗಿ ಬಂದರೆ ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ಬೇಸ್ ಸಾಲು ಗುರುತಾಗುವುದು ಇದರಿಂದಲೇ. ಆಮೇಲೆ ಡ್ರಮ್ಮರ್‌ನ ಕಾಲು ನೋಡಿಕೊಂಡು ನುಡಿಸಿ. ಅವನ ಕಿಕ್ ಬಿದ್ದಾಗ ನಿಮ್ಮ ಸ್ವರವೂ ಬಿದ್ದರೆ ಸಾವಿರ ರೂಪಾಯಿಯ ಪೆಡಲ್ ಯಾವುದೂ ಬೇಡ.

ಡ್ರಮ್ ಪಕ್ಕ ನಿಲ್ಲುವವರು ಕಿವಿಗೆ ಪ್ಲಗ್ ಹಾಕಿಕೊಳ್ಳಿ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಮಿತಿ ಎನ್ನುತ್ತಾರೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು ಕಾಲು ಗಂಟೆ. ಸಿಂಬಲ್ ಪಕ್ಕದಲ್ಲಿ ಆ ಕಾಲು ಗಂಟೆ ಮೂರ್ನಾಲ್ಕು ಹಾಡಿಗೇ ಮುಗಿಯುತ್ತದೆ.

ಸಮಯದ್ದು ಬೇರೆಯೇ ಕಥೆ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಆರು ಗಂಟೆಗೆ ಕಾರ್ಯಕ್ರಮ ಎಂದು ಬ್ಯಾನರ್, ಏಳೂವರೆಗೆ ದೀಪ ಬೆಳಗುವುದು, ಆಮೇಲೆ ಶಾಲು, ಹಾರ, ಪೇಟ, ಭಾಷಣ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಹಬ್ಬ, ಉತ್ಸವ ಎಂದು ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಅನುಮತಿ ಇಲ್ಲದ ಕಡೆ ಹತ್ತಕ್ಕೆ ಸರಿಯಾಗಿ ಪೊಲೀಸರು ಬಂದು ನಿಲ್ಲುತ್ತಾರೆ. ಹಾಗಾಗಿ ನಾವು ಹಾಡಿನ ಪಟ್ಟಿಯನ್ನು ಎರಡು ಮಾಡಿಟ್ಟಿರುತ್ತೇವೆ: ಪೂರ್ತಿ ಹೊತ್ತಿಗೆ ಒಂದು, ಭಾಷಣಕಾರರು ಬಿಟ್ಟುಕೊಟ್ಟ ಹೊತ್ತಿಗೆ ಇನ್ನೊಂದು. ಮೈಕ್ ಚೆಕ್ ಮಾತ್ರ ಜನ ಬರುವ ಮುಂಚೆಯೇ ಮುಗಿಸಿಬಿಡಿ. ಗಣ್ಯರು ಕೂತ ಮೇಲೆ ಯಾರೂ ನಿಮಗೆ ತಂತಿ ಮುಟ್ಟಲು ಬಿಡುವುದಿಲ್ಲ.

ಕಡಿಮೆ ಹಾಡು ಹಾಡಿದಿರಿ ಎಂದು ದುಡ್ಡು ಕತ್ತರಿಸುವವರೂ ಇದ್ದಾರೆ. ಎರಡು ಗಂಟೆ ಭಾಷಣ ಮಾಡಿಸಿದವರೂ ಅವರೇ! ಅದಕ್ಕೆ ಒಪ್ಪಿಕೊಳ್ಳುವಾಗಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: ಎಷ್ಟಕ್ಕೆ ಬರುತ್ತೇವೆ, ಎಷ್ಟಕ್ಕೆ ಹೊರಡುತ್ತೇವೆ, ಮಳೆ ಬಂದರೆ ಏನು, ಗಾಡಿ ಬಾಡಿಗೆ ಯಾರದು. ಅರ್ಧ ಅಡ್ವಾನ್ಸ್ ಬರದೆ ಆ ದಿನವನ್ನು ಅವರಿಗೆ ಎತ್ತಿಡಬೇಡಿ. ಉಳಿದರ್ಧವನ್ನು ಸ್ಟೇಜ್ ಹತ್ತುವ ಮುಂಚೆ ಕೇಳಿ, ನಾಚಿಕೆ ಬೇಡ. ಕೊನೆಯ ಹಾಡು ಮುಗಿದು ಕೇಬಲ್ ಸುತ್ತುವ ಹೊತ್ತಿಗೆ ಕಮಿಟಿಯವರು ಯಾರೂ ಸಿಗುವುದಿಲ್ಲ. ಪೆಂಡಾಲಿನ ಹುಡುಗರು ಮಾತ್ರ ಇರುತ್ತಾರೆ, ಅವರಿಗೂ ಬಾಕಿ ಬರಬೇಕಿರುತ್ತದೆ.